ಹೊಸ ಉಬುಂಟು ಹಾಕಿದ ಮೇಲೆ ಟ್ರೇ ಪ್ರೋಗ್ರಾಂ ತೆರೆದ ಕೂಡಲೇ ಬಿದ್ದುಹೋಗುತ್ತಿದೆ

ಪ್ರಶ್ನೆ: ಸರ್, ದಾವಣಗೆರೆಯಲ್ಲಿ ಕೋರ್ಟ್ ಹತ್ತಿರ ನಮ್ಮದೊಂದು ಟೈಪಿಂಗ್ ಮತ್ತು ಡಿಟಿಪಿ ಅಂಗಡಿ ಇದೆ. ವಕೀಲರು ಪೆನ್‌ಡ್ರೈವ್‌ನಲ್ಲಿ ತರುವ ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಲು ನಮ್ಮ ಅಣ್ಣನ ಮಗ ಇಂಜಿನಿಯರಿಂಗ್ ಓದುವಾಗ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದುಕೊಟ್ಟಿದ್ದ. ಅದು ಪರದೆಯ ಮೇಲಿನ ಮೂಲೆಯಲ್ಲಿ, ಅಂದರೆ ಟ್ರೇಯಲ್ಲಿ, ಐಕಾನ್ ಆಗಿ ಕೂತಿರುತ್ತಿತ್ತು. ಟೆಕ್ಸ್ಟ್ ಕಾಪಿ ಮಾಡಿ ಕಂಟ್ರೋಲ್, ಆಲ್ಟ್, ಯು ಒಟ್ಟಿಗೆ ಒತ್ತಿದರೆ ಸಾಕು, ಪೇಸ್ಟ್ ಮಾಡಿದಾಗ ಯೂನಿಕೋಡ್ ಬರುತ್ತಿತ್ತು. ಉಬುಂಟು 20.04ರಲ್ಲಿ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಈಗ ಅಂಗಡಿಯ ಎರಡೂ ಕಂಪ್ಯೂಟರ್‌ಗೆ 24.04 ಹಾಕಿಸಿದೆವು. ಒಂದರಲ್ಲಿ ಮೊದಲಿನಂತೆಯೇ ನಡೆಯುತ್ತಿದೆ. ಇನ್ನೊಂದರಲ್ಲಿ ಐಕಾನೇ ಬರುವುದಿಲ್ಲ. ಟರ್ಮಿನಲ್‌ನಲ್ಲಿ ಓಡಿಸಿದರೆ ‘ಸೆಗ್ಮೆಂಟೇಶನ್ ಫಾಲ್ಟ್, ಕೋರ್ ಡಂಪ್ಡ್’ ಎಂದು ಒಂದು ಸಾಲು ಬರುತ್ತದೆ, ಅಷ್ಟೇ. ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ‘ರಜೆಗೆ ಬಂದಾಗ ನೋಡ್ತೀನಿ ಚಿಕ್ಕಪ್ಪ’ ಅನ್ನುತ್ತಾನೆ. ಇಲ್ಲಿ ರಿಪೇರಿಯವರೊಬ್ಬರು ರ‍್ಯಾಮ್ ಬದಲಿಸಬೇಕು ಎಂದರು. ಬದಲಿಸಲಾ?

ಉತ್ತರ: ರ‍್ಯಾಮ್ ಬದಲಿಸಬೇಡಿ. ಆ ದುಡ್ಡು ಉಳಿಯಲಿ. ರ‍್ಯಾಮ್ ಕೆಟ್ಟಿದ್ದರೆ ಇವತ್ತು ಫೈರ್‌ಫಾಕ್ಸ್ ಬೀಳುತ್ತಿತ್ತು, ನಾಳೆ ಲಿಬ್ರೆ ಆಫೀಸ್ ಬೀಳುತ್ತಿತ್ತು, ಒಮ್ಮೊಮ್ಮೆ ಮಷಿನ್ನೇ ನಿಂತುಬಿಡುತ್ತಿತ್ತು. ಪ್ರತಿ ಸಲವೂ ಒಂದೇ ಪ್ರೋಗ್ರಾಂ, ತೆರೆದ ಕೂಡಲೇ, ಒಂದೇ ಥರ ಬೀಳುತ್ತಿದೆ ಅಂದರೆ ಅದು ಸಾಫ್ಟ್‌ವೇರ್ ಕಥೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯ ಸುಳಿವು ‘ಒಂದರಲ್ಲಿ ಮೊದಲಿನಂತೆಯೇ ನಡೆಯುತ್ತಿದೆ’ ಎಂಬ ಮಾತು. ಅದೇ ಉಬುಂಟು, ಅದೇ ಪ್ರೋಗ್ರಾಂ, ಒಂದು ಕಡೆ ಓಡುತ್ತೆ, ಒಂದು ಕಡೆ ಇಲ್ಲ. ನನಗೆ ಅನ್ನಿಸುವುದು, ಓಡುತ್ತಿರುವ ಕಂಪ್ಯೂಟರ್‌ನಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ. ಫ್ಲೆಕ್ಸ್ ಡಿಸೈನಿಗೆ ಅಂತ ಹಾಕಿಸಿರಬೇಕು, ಅಲ್ವಾ? ಎನ್‌ವಿಡಿಯಾದ ಸ್ವಂತ ಡ್ರೈವರ್ ಇರುವ ಮಷಿನ್‌ಗಳಲ್ಲಿ ಉಬುಂಟು 24.04 ತಾನಾಗಿಯೇ ಹಳೆಯ ಡಿಸ್‌ಪ್ಲೇ ವ್ಯವಸ್ಥೆ, ಅಂದರೆ ಎಕ್ಸ್11ನಲ್ಲಿ ಲಾಗಿನ್ ಆಗುತ್ತದೆ. ಬಾಕಿ ಮಷಿನ್‌ಗಳಲ್ಲಿ ಹೊಸದರಲ್ಲಿ, ಅಂದರೆ ವೇಲ್ಯಾಂಡ್‌ನಲ್ಲಿ.

ಊಹೆ ಬೇಡ, ನೋಡಿಯೇ ಬಿಡಿ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಅಬೌಟ್, ಅದರೊಳಗೆ ಸಿಸ್ಟಮ್ ಡೀಟೇಲ್ಸ್. ‘ವಿಂಡೋಯಿಂಗ್ ಸಿಸ್ಟಮ್’ ಎಂಬ ಸಾಲಿನ ಮುಂದೆ ಎಕ್ಸ್11 ಅಥವಾ ವೇಲ್ಯಾಂಡ್ ಎಂದು ಇರುತ್ತದೆ. ಎರಡೂ ಮಷಿನ್‌ನಲ್ಲಿ ನೋಡಿ. ಬೇರೆ ಬೇರೆ ಬಂದರೆ ಕಳ್ಳ ಸಿಕ್ಕಿದ ಹಾಗೆ. ಎರಡರಲ್ಲೂ ಎಕ್ಸ್11 ಅಂತಲೇ ಬಂದರೆ ಮಾತ್ರ ಈ ಉತ್ತರ ನಿಮಗಲ್ಲ, ಮತ್ತೆ ಬರೆಯಿರಿ.

ಈ ಎಕ್ಸ್ ಅನ್ನುವುದು ತುಂಬಾ ಹಳೆಯದು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶುರುವಾಯಿತು, ಅದರ ಹನ್ನೊಂದನೇ ಆವೃತ್ತಿ 1987ರಲ್ಲಿ ಬಂತು. ಆ ಹನ್ನೊಂದೇ ಇವತ್ತಿಗೂ ಎಕ್ಸ್11. ವೇಲ್ಯಾಂಡ್ ಕೆಲಸವನ್ನು ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ 2008ರಲ್ಲಿ ಆರಂಭಿಸಿದರು. ಉಬುಂಟು 17.10ರಲ್ಲಿ ಒಮ್ಮೆ ವೇಲ್ಯಾಂಡ್ ಕೊಟ್ಟು, 18.04ರಲ್ಲಿ ಹಿಂದೆ ಸರಿದು, 21.04ರಿಂದ ಮತ್ತೆ ಅದನ್ನೇ ಹಿಡಿಯಿತು. ನೀವು ಇದ್ದದ್ದು 20.04. ಅಂದರೆ ಈ ಗಲಾಟೆ ನಿಮ್ಮ ಅಂಗಡಿಗೆ ಮುಟ್ಟಿಯೇ ಇರಲಿಲ್ಲ.

ಎರಡರ ನಡುವೆ ವ್ಯತ್ಯಾಸ ಏನು ಅಂದರೆ, ಎಕ್ಸ್ ಹಳೆಯ ಕಾಲದ ವಠಾರ. ಯಾರ ಮನೆಗೆ ಯಾರು ಬಂದರು, ಯಾರ ಒಲೆ ಮೇಲೆ ಏನಿದೆ, ಎಲ್ಲಾ ಎಲ್ಲರಿಗೂ ಗೊತ್ತು. ಒಂದು ಪ್ರೋಗ್ರಾಂ ಬೇರೆಯದರಲ್ಲಿ ಒತ್ತಿದ ಕೀ ನೋಡಬಹುದು, ಕಾಪಿ ಮಾಡಿದ್ದು ಕೂರುವ ಕ್ಲಿಪ್‌ಬೋರ್ಡ್ ಓದಬಹುದು, ಪರದೆಯ ಚಿತ್ರ ತೆಗೆಯಬಹುದು. ನೀವು ಲಿಬ್ರೆ ಆಫೀಸ್‌ನಲ್ಲಿ ಕೂತು ಕಂಟ್ರೋಲ್, ಆಲ್ಟ್, ಯು ಒತ್ತಿದರೆ ಮೂಲೆಯಲ್ಲಿ ಕೂತ ಪೈಥಾನ್ ಪ್ರೋಗ್ರಾಂಗೆ ಕೇಳಿಸುತ್ತಿದ್ದದ್ದು ಹೀಗೆ. ಅದೇ ದಾರಿಯಲ್ಲಿ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ ಕೂಡ ಕೂರಬಹುದಿತ್ತು. ವೇಲ್ಯಾಂಡ್‌ನಲ್ಲಿ ಪ್ರತಿ ಪ್ರೋಗ್ರಾಂಗೂ ತನ್ನ ಕಿಟಕಿ ಮಾತ್ರ. ಬೇರೆಯವರ ಕೀ ಕೇಳುವ ಹಾಗಿಲ್ಲ. ತನ್ನ ಕಿಟಕಿ ಪರದೆಯ ಯಾವ ಮೂಲೆಯಲ್ಲಿ ಇದೆ ಅಂತಲೂ ಅದಕ್ಕೆ ಗೊತ್ತಾಗುವುದಿಲ್ಲ.

ಈಗ ನಿಮ್ಮ ಪ್ರೋಗ್ರಾಂಗೆ ಬರೋಣ. ನೀವು ಅದನ್ನು ಒಂದು ಪ್ರೋಗ್ರಾಂ ಅಂದುಕೊಂಡಿದ್ದೀರಿ. ಅದು ಮಾಡುತ್ತಿರುವುದು ಮೂರು ಬೇರೆ ಬೇರೆ ಕೆಲಸ: ಮೂಲೆಯಲ್ಲಿ ಐಕಾನ್ ಇಡುವುದು, ಎಲ್ಲಿ ಒತ್ತಿದರೂ ಆ ಮೂರು ಕೀ ಹಿಡಿಯುವುದು, ಕ್ಲಿಪ್‌ಬೋರ್ಡ್ ಓದಿ ತಿರುಗಿ ಬರೆಯುವುದು. ಮೂರೂ ಎಕ್ಸ್ ಇದೆ ಎಂದು ನಂಬಿ ಬರೆದವು. ಆದರೆ ಮೂರೂ ಒಂದೇ ಥರ ಕೆಡುವುದಿಲ್ಲ. ಇಲ್ಲೇ ಜಾಸ್ತಿ ಜನ ದಾರಿ ತಪ್ಪುತ್ತಾರೆ. ಐಕಾನ್ ಕಾಣದೆ ಇರುವುದಕ್ಕೂ ಪ್ರೋಗ್ರಾಂ ಬೀಳುವುದಕ್ಕೂ ನೇರ ಸಂಬಂಧ ಇರಲೇಬೇಕು ಅಂತಿಲ್ಲ. ಐಕಾನ್‌ನ ಹಿಂದೆ ಬಿದ್ದು ದಿನ ಕಳೆಯುತ್ತಾರೆ, ಬೀಳಿಸಿದ್ದು ಬೇರೆಯೇ ಇರುತ್ತದೆ.

ಒಂದು ವಿಷಯ ಗಮನಿಸಿ. ಪೈಥಾನ್ ಪ್ರೋಗ್ರಾಂ ತಪ್ಪಾದರೆ ಸಾಮಾನ್ಯವಾಗಿ ಉದ್ದಕ್ಕೆ ಬೈಯುತ್ತದೆ. ಯಾವ ಫೈಲ್, ಎಷ್ಟನೇ ಸಾಲು, ಏನು ತಪ್ಪು, ಎಲ್ಲಾ ಹೇಳಿ ಸಾಯುತ್ತದೆ. ನಿಮ್ಮದು ಒಂದೇ ಸಾಲು ಹೇಳಿ ಸತ್ತಿದೆ. ಅಂದರೆ ಬಿದ್ದದ್ದು ಪೈಥಾನ್ ಕೋಡ್ ಅಲ್ಲ, ಅದು ಕರೆದ ಸಿ ಭಾಷೆಯ ಲೈಬ್ರರಿಯೊಂದು. ಪೈಥಾನ್‌ಗೆ ಮಾತಾಡಲು ಅವಕಾಶವೇ ಸಿಕ್ಕಿಲ್ಲ.

ಅದಕ್ಕೆ ಅವಕಾಶ ಕೊಡುವ ಉಪಾಯ ಇದೆ. ಫಾಲ್ಟ್‌ಹ್ಯಾಂಡ್ಲರ್ ಅಂತ ಅದರ ಹೆಸರು, 2012ರಲ್ಲಿ ಬಂದ ಪೈಥಾನ್ 3.3ರಿಂದ ಪೈಥಾನ್ ಜೊತೆಗೇ ಇರುತ್ತದೆ. ಹೊಸದಾಗಿ ಏನೂ ಹಾಕಬೇಕಿಲ್ಲ. ಟರ್ಮಿನಲ್ ತೆರೆದು ಹೀಗೆ ಓಡಿಸಿ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಒತ್ತುವಾಗ ಇಂಗ್ಲಿಷ್ ಅಕ್ಷರ ಒತ್ತಿ:

ಪೈಥಾನ್3 -ಎಕ್ಸ್ ಫಾಲ್ಟ್‌ಹ್ಯಾಂಡ್ಲರ್ ನಿಮ್ಮ-ಫೈಲ್.ಪಿವೈ

ಆ ಎಕ್ಸ್ ಮಾತ್ರ ದೊಡ್ಡಕ್ಷರದ ಎಕ್ಸ್. ಈ ಎಕ್ಸ್‌ಗೂ ಮೇಲೆ ಹೇಳಿದ ಡಿಸ್‌ಪ್ಲೇ ಎಕ್ಸ್‌ಗೂ ಸಂಬಂಧ ಇಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಈಗ ಪ್ರೋಗ್ರಾಂ ಬಿದ್ದಾಗ ‘ಫೇಟಲ್ ಪೈಥಾನ್ ಎರರ್: ಸೆಗ್ಮೆಂಟೇಶನ್ ಫಾಲ್ಟ್’ ಎಂದು ಬಂದು, ಅದರ ಕೆಳಗೆ ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆ ಬರುತ್ತದೆ. ಮೇಲಿಂದ ಮೊದಲನೇ ಸಾಲೇ ಮುಖ್ಯ. ಕೊನೆಗೆ ಕರೆದದ್ದು ಅಲ್ಲಿ ಮೊದಲು ಇರುತ್ತದೆ. ಆ ಸಂಖ್ಯೆಯ ಸಾಲನ್ನು ಫೈಲ್ ತೆರೆದು ನೋಡಿ. ಹತ್ತಕ್ಕೆ ಒಂಬತ್ತು ಪಾಲು ಅಲ್ಲಿ ‘ಕೀಬೈಂಡರ್’ ಎಂಬ ಪದ ಇರುತ್ತದೆ.

ಕೀಬೈಂಡರ್ ಅಂದರೆ ಎಲ್ಲಿ ಒತ್ತಿದರೂ ಕೀ ಹಿಡಿದುಕೊಡುವ ಚಿಕ್ಕ ಲೈಬ್ರರಿ. ಜಿಟಿಕೆ 3, ಅಂದರೆ ಕಿಟಕಿ, ಬಟನ್ ಬಿಡಿಸುವ ಲೈಬ್ರರಿ, ಬಳಸಿ ಟ್ರೇ ಪ್ರೋಗ್ರಾಂ ಬರೆಯುವ ಹುಡುಗರೆಲ್ಲ ಇದನ್ನೇ ಹಾಕುತ್ತಿದ್ದರು. ಅದು ಶುರುವಾಗುವಾಗಲೇ ಎಕ್ಸ್‌ನ ಬಾಗಿಲು ತಟ್ಟುತ್ತದೆ. ವೇಲ್ಯಾಂಡ್‌ನಲ್ಲಿ ಅಲ್ಲಿ ಬಾಗಿಲೇ ಇಲ್ಲ. ಇಲ್ಲದ ಜಾಗಕ್ಕೆ ಕಾಲಿಟ್ಟರೆ ಕರ್ನಲ್, ಅಂದರೆ ಉಬುಂಟುವಿನ ತಿರುಳು, ಸುಮ್ಮನೆ ಬಿಡುವುದಿಲ್ಲ, ಪ್ರೋಗ್ರಾಂ ಅನ್ನೇ ಮುಗಿಸಿಬಿಡುತ್ತದೆ. ಅದೇ ಸೆಗ್ಮೆಂಟೇಶನ್ ಫಾಲ್ಟ್.

ಇನ್ನೂ ಖಾತ್ರಿ ಬೇಕಾದರೆ ಪ್ರೋಗ್ರಾಂ ಬಿದ್ದ ತಕ್ಷಣ ‘ಸುಡೋ ಡಿಮೆಸ್ಜ್’ ಓಡಿಸಿ, ಅಂದರೆ ಡಿ, ಎಂ, ಇ, ಎಸ್, ಜಿ. ಉದ್ದ ಪಟ್ಟಿ ಬರುತ್ತದೆ. ಅದರ ಕೊನೆಯಲ್ಲಿ ‘ಪೈಥಾನ್3’ ಮತ್ತು ‘ಸೆಗ್‌ಫಾಲ್ಟ್ ಅಟ್’ ಎಂಬ ಸಾಲು ಹುಡುಕಿ. ‘ಅಟ್’ ಮುಂದೆ ಇರುವ ಸಂಖ್ಯೆ ಸೊನ್ನೆಯೋ, ಒಂದೆರಡು ಅಂಕಿಯದೋ ಆಗಿದ್ದರೆ ಪ್ರೋಗ್ರಾಂ ಖಾಲಿ ವಿಳಾಸಕ್ಕೆ ಹೋಗಿದೆ ಎಂದು ಅರ್ಥ. ಅದೇ ಸಾಲಿನಲ್ಲಿ ಬಿದ್ದ ಲೈಬ್ರರಿಯ ಹೆಸರೂ ಇರುತ್ತದೆ. ಅಲ್ಲಿ ಲಿಬ್‌ಎಕ್ಸ್11 ಅಥವಾ ಲಿಬ್‌ಕೀಬೈಂಡರ್ ಕಂಡರೆ ಬೇರೆ ಸಾಕ್ಷಿ ಬೇಡ. ರ‍್ಯಾಮ್ ಮಾರುವವರಿಗೆ ತೋರಿಸಿ.

ಐಕಾನ್ ಕಥೆ ಬೇರೆ. ಹಳೆಯ ಪದ್ಧತಿಯಲ್ಲಿ ಟ್ರೇ ಐಕಾನ್ ಅಂದರೆ ನಿಜವಾಗಿ ಒಂದು ಪುಟ್ಟ ಎಕ್ಸ್ ಕಿಟಕಿ. ಪ್ಯಾನೆಲ್, ಅಂದರೆ ಪರದೆಯ ಮೇಲಿನ ಪಟ್ಟಿ, ಅದನ್ನು ತನ್ನೊಳಗೆ ಅಂಟಿಸಿಕೊಳ್ಳುತ್ತಿತ್ತು. ಜಿಟಿಕೆಯಲ್ಲಿ ಅದಕ್ಕೆ ‘ಸ್ಟೇಟಸ್‌ಐಕಾನ್’ ಅಂತ ಒಂದು ವಸ್ತು ಇತ್ತು. 2014ರಲ್ಲಿ ಬಂದ ಜಿಟಿಕೆ 3.14ರಲ್ಲೇ ‘ಇದನ್ನು ಬಳಸಬೇಡಿ’ ಎಂದು ಬರೆದರು, ಜಿಟಿಕೆ 4ರಲ್ಲಿ ಕಿತ್ತೇ ಹಾಕಿದರು. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನವರು 2017ರ 3.26ರಲ್ಲಿ ತಮ್ಮ ಹಳೆಯ ಟ್ರೇಯನ್ನೂ ತೆಗೆದರು. ವೇಲ್ಯಾಂಡ್‌ನಲ್ಲಿ ಸ್ಟೇಟಸ್‌ಐಕಾನ್ ಸಾಮಾನ್ಯವಾಗಿ ಬೀಳುವುದಿಲ್ಲ, ಸುಮ್ನೆ ಕಾಣದೆ ಇರುತ್ತದೆ. ಹಾಗಾಗಿ ಕೀಬೈಂಡರ್ ಸಾಲನ್ನು ಮಾತ್ರ ಅಳಿಸಿ ಓಡಿಸಿದರೆ ಪ್ರೋಗ್ರಾಂ ಬೀಳದೆ ನಿಲ್ಲುತ್ತದೆ, ಆದರೆ ಐಕಾನ್ ಇರುವುದಿಲ್ಲ, ಕೀ ಕೆಲಸ ಮಾಡುವುದಿಲ್ಲ. ಓಡುತ್ತಿದೆಯೋ ಇಲ್ಲವೋ ಅಂತಲೂ ಗೊತ್ತಾಗುವುದಿಲ್ಲ. ಇದು ಬೀಳುವುದಕ್ಕಿಂತ ಕಿರಿಕಿರಿ.

ನಾಳೆ ಬೆಳಿಗ್ಗೆ ಅಂಗಡಿ ತೆರೆಯಬೇಕು, ವಕೀಲರು ಅರ್ಜಿ ಹಿಡಿದು ನಿಂತಿರುತ್ತಾರೆ. ಆದ್ದರಿಂದ ಮೊದಲು ತಾತ್ಕಾಲಿಕ ದಾರಿ ಹೇಳುತ್ತೇನೆ.

ಲಾಗಿನ್ ಪರದೆಯಲ್ಲಿ ನಿಮ್ಮ ಹೆಸರಿನ ಮೇಲೆ ಒತ್ತಿ. ಪಾಸ್‌ವರ್ಡ್ ಕೇಳುವಾಗ ಕೆಳಗೆ ಬಲಮೂಲೆಯಲ್ಲಿ ಹಲ್ಲಿನ ಚಕ್ರದಂಥ ಗುರುತು ಬರುತ್ತದೆ. ಅದನ್ನು ಒತ್ತಿ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಿ, ಆಮೇಲೆ ಪಾಸ್‌ವರ್ಡ್ ಹಾಕಿ. ಅಷ್ಟೇ. ಮಷಿನ್ ಎಕ್ಸ್‌ನಲ್ಲಿ ಎದ್ದು ಕೂರುತ್ತದೆ, ಹಳೆಯ ಪ್ರೋಗ್ರಾಂ ಮೊದಲಿನ ಹಾಗೆ ಓಡುತ್ತದೆ. ಮುಂದಿನ ಸಲ ಲಾಗಿನ್ ಆದಾಗಲೂ ಅದೇ ಆಯ್ಕೆ ನೆನಪಿರುತ್ತದೆ. ಪಾಸ್‌ವರ್ಡ್ ಇಲ್ಲದೆ ತಾನೇ ಲಾಗಿನ್ ಆಗುವ ಹಾಗೆ ಮಾಡಿಟ್ಟಿದ್ದರೆ ಈ ಚಕ್ರ ಕಾಣುವುದಿಲ್ಲ, ಒಮ್ಮೆ ಲಾಗೌಟ್ ಮಾಡಿ ನೋಡಿ.

ಇದನ್ನೇ ಕಾಯಂ ಮಾಡಿಕೊಂಡರೆ ಏನಾಗುತ್ತೆ? ಈ ಮಷಿನ್‌ನಲ್ಲಿ ಏನೂ ಆಗುವುದಿಲ್ಲ. 24.04ಕ್ಕೆ 2029ರವರೆಗೆ ಸಾಮಾನ್ಯ ಬೆಂಬಲ ಇದೆ, ಅಲ್ಲಿಯವರೆಗೆ ಆ ಬಾಗಿಲು ತೆರೆದಿರುತ್ತದೆ. ಆದರೆ 2025ರ ಅಕ್ಟೋಬರ್‌ನಲ್ಲಿ ಬಂದ 25.10ರಲ್ಲಿ ಗ್ನೋಮ್‌ನ ಎಕ್ಸ್‌ಆರ್ಗ್ ಸೆಷನ್ ತೆಗೆದೇಬಿಟ್ಟರು. ಯಾರಾದರೂ ‘ಅಪ್‌ಗ್ರೇಡ್ ಮಾಡಿಕೊಡ್ತೀನಿ’ ಎಂದು ಬಂದು ಕೂತರೆ ಆವತ್ತೇ ನಿಮ್ಮ ಪರಿವರ್ತಕ ನಿಲ್ಲುತ್ತದೆ. ಅದಕ್ಕೇ ಇದನ್ನು ತಾತ್ಕಾಲಿಕ ಅನ್ನುತ್ತಿರುವುದು.

ಇನ್ನೊಂದು ದಾರಿಯನ್ನು ಬಹಳ ಜನ ಹೇಳುತ್ತಾರೆ. ಇಡೀ ಮಷಿನ್ ವೇಲ್ಯಾಂಡ್‌ನಲ್ಲೇ ಇರಲಿ, ಈ ಒಂದು ಪ್ರೋಗ್ರಾಂ ಮಾತ್ರ ಎಕ್ಸ್ ಇದೆ ಅಂದುಕೊಳ್ಳಲಿ. ವೇಲ್ಯಾಂಡ್ ಒಳಗೆ ಎಕ್ಸ್‌ವೇಲ್ಯಾಂಡ್ ಎಂಬ ಪುಟ್ಟ ಎಕ್ಸ್ ಇರುತ್ತದೆ, ಹಳೆಯ ಪ್ರೋಗ್ರಾಂಗಳಿಗಾಗಿಯೇ ಇಟ್ಟದ್ದು. ಕಮಾಂಡ್ ಹೀಗೆ:

ಎನ್ವ್ ಜಿಡಿಕೆ_ಬ್ಯಾಕೆಂಡ್=ಎಕ್ಸ್11 ಪೈಥಾನ್3 ಫೈಲಿನ ಪೂರ್ತಿ ದಾರಿ

‘ಜಿಡಿಕೆ_ಬ್ಯಾಕೆಂಡ್’ ಪೂರ್ತಿ ದೊಡ್ಡಕ್ಷರ, ಮಧ್ಯೆ ಅಂಡರ್‌ಸ್ಕೋರ್, ಸಮ ಚಿಹ್ನೆಯ ಎರಡೂ ಕಡೆ ಸ್ಪೇಸ್ ಬೇಡ. ಬಾಕಿಯದೆಲ್ಲ ಸಣ್ಣಕ್ಷರ. ಸ್ಟಾರ್ಟಪ್ ಅಪ್ಲಿಕೇಶನ್ಸ್‌ನಲ್ಲಿ ಹಾಕುವುದಾದರೆ ಮೊದಲಿನ ‘ಎನ್ವ್’ ಬಿಡಬೇಡಿ, ಬಿಟ್ಟರೆ ಅದು ಓಡುವುದೇ ಇಲ್ಲ. ಜಿಟಿಕೆ ಬದಲು ಕ್ಯೂಟಿ ಎಂಬ ಲೈಬ್ರರಿಯಲ್ಲಿ ಬರೆದ ಪ್ರೋಗ್ರಾಂ ಆಗಿದ್ದರೆ ಇದೇ ಕೆಲಸಕ್ಕೆ ‘ಕ್ಯೂಟಿ_ಕ್ಯೂಪಿಎ_ಪ್ಲಾಟ್‌ಫಾರ್ಮ್=ಎಕ್ಸ್‌ಸಿಬಿ’ ಅಂತ ಹಾಕುತ್ತಾರೆ. ನಿಮಗೆ ಅದು ಬೇಕಾಗಿಲ್ಲ.

ಹೀಗೆ ಓಡಿಸಿದರೆ ಪ್ರೋಗ್ರಾಂ ಬೀಳುವುದಿಲ್ಲ, ಐಕಾನ್ ಕೂಡ ಬರಬಹುದು. ನೋಡಿದವರು ‘ಸರಿಹೋಯ್ತು’ ಎಂದು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ತಮಾಷೆ ಶುರು. ನೀವು ಪುಟ ವಿನ್ಯಾಸದ ಸ್ಕ್ರೈಬಸ್‌ನಲ್ಲಿ ಕೂತು ಕಂಟ್ರೋಲ್, ಆಲ್ಟ್, ಯು ಒತ್ತಿದರೆ ನಡೆಯುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಒತ್ತಿದರೆ ಏನೂ ಆಗುವುದಿಲ್ಲ. ಕೀಬೋರ್ಡ್ ಹಾಳಾಗಿದೆಯಾ ಅಂತ ಅನುಮಾನ ಬರುತ್ತದೆ. ಅಲ್ಲ. ಸ್ಕ್ರೈಬಸ್‌ನಂಥ ಕ್ಯೂಟಿ 5ರ ಪ್ರೋಗ್ರಾಂಗಳು ಗ್ನೋಮ್‌ನಲ್ಲಿ ಸಾಮಾನ್ಯವಾಗಿ ಎಕ್ಸ್‌ವೇಲ್ಯಾಂಡ್ ಒಳಗೇ ಓಡುತ್ತವೆ. ನಿಮ್ಮ ಪ್ರೋಗ್ರಾಂ ಕೂಡ ಅಲ್ಲೇ ಇದೆ, ಹಾಗಾಗಿ ಒಂದರ ಕೀ ಇನ್ನೊಂದಕ್ಕೆ ಕೇಳಿಸುತ್ತದೆ. ಲಿಬ್ರೆ ಆಫೀಸ್ ನೇರ ವೇಲ್ಯಾಂಡ್‌ನಲ್ಲಿದೆ. ಅದರಲ್ಲಿ ಒತ್ತಿದ ಕೀ ಹೊರಗೆ ಯಾರಿಗೂ ಕೇಳಿಸದು. ಒಮ್ಮೆ ಆಗಿ ಒಮ್ಮೆ ಆಗದೆ ಇರುವ ಸಾಫ್ಟ್‌ವೇರ್ ಅಂಗಡಿಯಲ್ಲಿ ಇದ್ದರೆ ಟೈಪ್ ಮಾಡುವವರ ತಲೆ ಕೆಡುತ್ತದೆ, ಅದಕ್ಕಿಂತ ಪೂರ್ತಿ ಎಕ್ಸ್‌ಆರ್ಗ್ ಸೆಷನ್ನೇ ವಾಸಿ.

ಈಗ ಕಾಯಂ ದಾರಿ. ಹುಡುಗನಿಗೆ ಫೋನ್ ಮಾಡಿದರೆ ಅವನು ಬಹುಶಃ ‘ಸ್ಟೇಟಸ್‌ಐಕಾನ್ ತೆಗೆದು ಆ್ಯಪ್‌ಇಂಡಿಕೇಟರ್ ಹಾಕ್ತೀನಿ’ ಅನ್ನುತ್ತಾನೆ. ತಪ್ಪೇನಿಲ್ಲ. ಆ್ಯಪ್‌ಇಂಡಿಕೇಟರ್‌ನಲ್ಲಿ ಪ್ರೋಗ್ರಾಂ ತಾನೇ ಕಿಟಕಿ ಬಿಡಿಸುವುದಿಲ್ಲ. ‘ನನ್ನ ಚಿತ್ರ ಇದು, ನನ್ನ ಮೆನು ಇದು’ ಎಂದು ಡಿ-ಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಮೂಲಕ ಪ್ಯಾನೆಲ್‌ಗೆ ಹೇಳುತ್ತದೆ, ಬಿಡಿಸುವುದು ಪ್ಯಾನೆಲ್. ಎಕ್ಸ್ ಇರಲಿ, ವೇಲ್ಯಾಂಡ್ ಇರಲಿ, ವ್ಯತ್ಯಾಸ ಇಲ್ಲ. ಉಬುಂಟುವಿನಲ್ಲಿ ಇದನ್ನು ತೋರಿಸುವ ಎಕ್ಸ್‌ಟೆನ್ಶನ್ ಮೊದಲೇ ಹಾಕಿಟ್ಟಿರುತ್ತಾರೆ. ಡೆಬಿಯನ್, ಫೆಡೋರಾದಂಥ ಬೇರೆ ಲಿನಕ್ಸ್‌ಗಳ ಗ್ನೋಮ್‌ನಲ್ಲಾದರೆ ನಾವೇ ಹಾಕಿಕೊಳ್ಳಬೇಕು.

ಆದರೆ ನನ್ನ ಮಾತು ಕೇಳುವುದಾದರೆ, ನಿಮಗೆ ಆ ಐಕಾನ್ ಬೇಕಾಗೇ ಇಲ್ಲ. ಯೋಚಿಸಿ ನೋಡಿ. ನೀವು ಐಕಾನ್ ಒತ್ತಿದ್ದು ಯಾವಾಗ? ಕೀ ಹಿಡಿಯಲು ಪ್ರೋಗ್ರಾಂ ದಿನವಿಡೀ ಎಚ್ಚರವಾಗಿ ಎಲ್ಲೋ ಕೂರಬೇಕಿತ್ತು, ಆ ಜಾಗಕ್ಕೆ ಹುಡುಗ ಟ್ರೇ ಬಳಸಿದ. ಕೀ ಹಿಡಿಯುವ ಕೆಲಸವನ್ನು ಗ್ನೋಮ್‌ಗೇ ಕೊಟ್ಟರೆ ಪ್ರೋಗ್ರಾಂ ಕೂತಿರುವುದೇ ಬೇಡ. ಕರೆದಾಗ ಬಂದು, ಬದಲಿಸಿ, ಹೋಗಲಿ. ಆ್ಯಪ್‌ಇಂಡಿಕೇಟರ್ ಹಾಕಿದರೂ ಕೀ ಸಮಸ್ಯೆ ಹಾಗೇ ಉಳಿಯುತ್ತದೆ. ಕ್ಲಿಪ್‌ಬೋರ್ಡ್ ಸಮಸ್ಯೆಯೂ ಉಳಿಯುತ್ತದೆ, ಯಾಕೆಂದರೆ ವೇಲ್ಯಾಂಡ್‌ನಲ್ಲಿ ಕ್ಲಿಪ್‌ಬೋರ್ಡ್ ಸಿಗುವುದು ಆ ಕ್ಷಣ ಕೀಬೋರ್ಡ್ ಯಾರ ಕೈಲಿದೆಯೋ ಅವರಿಗೆ ಮಾತ್ರ. ಮೂಲೆಯಲ್ಲಿ ಕೂತವನಿಗೆ ಖಾಲಿ ಕೈ.

ಹುಡುಗನಿಗೆ ಹೇಳಬೇಕಾದ್ದು ಇಷ್ಟೇ: ‘ಟ್ರೇ, ಕೀ, ಕ್ಲಿಪ್‌ಬೋರ್ಡ್ ಎಲ್ಲಾ ತೆಗಿ. ನುಡಿ ಅಕ್ಷರ ತಗೊಂಡು ಯೂನಿಕೋಡ್ ಕೊಡುವ ಫಂಕ್ಷನ್ ಮಾತ್ರ ಇಟ್ಟುಕೋ. ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದಲಿ, ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯಲಿ.’ ಅವನಿಗೆ ಅರ್ಥ ಆಗುತ್ತದೆ. ರಜೆಗೆ ಕಾಯಬೇಕಿಲ್ಲ, ಒಂದು ಸಂಜೆ ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಮಾಡಿ ಕಳಿಸುವ ಕೆಲಸ. ಬೆಂಗಳೂರಿನಲ್ಲಿ ನಮ್ಮ ರುಚಿಯ ಬೆಣ್ಣೆ ದೋಸೆ ಸಿಗುತ್ತಾ ಅನ್ನುವುದು ಬೇರೆ ಪ್ರಶ್ನೆ.

ಅದು ಬಂದ ಮೇಲೆ ನೀವು ಮಾಡಬೇಕಾದ್ದು. ಸಾಫ್ಟ್‌ವೇರ್ ಹಾಕುವ ಕಮಾಂಡಿನಲ್ಲಿ ‘ಡಬ್ಲ್ಯುಎಲ್-ಕ್ಲಿಪ್‌ಬೋರ್ಡ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಅದರಲ್ಲಿ ಎರಡು ಚಿಕ್ಕ ಕಮಾಂಡ್ ಇರುತ್ತವೆ. ಒಂದು ಕ್ಲಿಪ್‌ಬೋರ್ಡ್‌ನಲ್ಲಿರುವುದನ್ನು ಹೊರಗೆ ಕೊಡುತ್ತದೆ, ಇನ್ನೊಂದು ಒಳಗೆ ಹಾಕುತ್ತದೆ. ಹೋಮ್ ಫೋಲ್ಡರ್‌ನಲ್ಲಿ ಒಂದು ಹೊಸ ಟೆಕ್ಸ್ಟ್ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಹ್ಯಾಶ್, ಆಶ್ಚರ್ಯ ಚಿಹ್ನೆ, ಅದಕ್ಕೆ ಅಂಟಿದಂತೆ /ಬಿನ್/ಎಸ್‌ಎಚ್. ಎರಡನೇ ಸಾಲು:

ಡಬ್ಲ್ಯುಎಲ್-ಪೇಸ್ಟ್ -ಎನ್ | ಪೈಥಾನ್3 ಪರಿವರ್ತಕದ ಪೂರ್ತಿ ದಾರಿ | ಡಬ್ಲ್ಯುಎಲ್-ಕಾಪಿ

ಆ ‘-ಎನ್’ ಬಿಡಬೇಡಿ. ಅದಿಲ್ಲದಿದ್ದರೆ ಪ್ರತಿ ಸಲವೂ ಕೊನೆಯಲ್ಲಿ ಒಂದು ಖಾಲಿ ಸಾಲು ಸೇರಿಕೊಳ್ಳುತ್ತದೆ. ಅರ್ಜಿಯ ಮಧ್ಯೆ ಒಂದು ಪದ ಪೇಸ್ಟ್ ಮಾಡಿದರೂ ಸಾಲು ಮುರಿದುಹೋಗುತ್ತದೆ. ಐಕಾನ್ ಇಲ್ಲ, ಆಯಿತೋ ಇಲ್ಲವೋ ಹೇಗೆ ಗೊತ್ತಾಗಬೇಕು ಅನ್ನುವವರು ಮೂರನೇ ಸಾಲಿನಲ್ಲಿ ‘ನೋಟಿಫೈ-ಸೆಂಡ್’ ಎಂದು ಬರೆದು ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಯೂನಿಕೋಡ್ ಆಯ್ತು’ ಎಂದು ಹಾಕಿ. ಪರದೆಯ ಮೇಲೆ ಪುಟ್ಟ ಚೀಟಿ ಬಂದು ಹೋಗುತ್ತದೆ.

ಫೈಲ್ ಉಳಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಎಕ್ಸಿಕ್ಯೂಟೆಬಲ್ ಆ್ಯಸ್ ಪ್ರೋಗ್ರಾಂ’ ಆನ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್, ‘ವ್ಯೂ ಆ್ಯಂಡ್ ಕಸ್ಟಮೈಸ್ ಶಾರ್ಟ್‌ಕಟ್ಸ್’, ಪಟ್ಟಿಯ ಕೊನೆಯಲ್ಲಿ ‘ಕಸ್ಟಮ್ ಶಾರ್ಟ್‌ಕಟ್ಸ್’. ಹೆಸರು ಏನಾದರೂ ಕೊಡಿ, ಕಮಾಂಡ್ ಜಾಗದಲ್ಲಿ ಆ ಫೈಲಿನ ಪೂರ್ತಿ ದಾರಿ, ಅಂದರೆ /ಹೋಮ್/ ಇಂದ ಶುರುವಾಗಿ, ಹಾಕಿ. ಕಂಟ್ರೋಲ್, ಆಲ್ಟ್, ಯು ಒತ್ತಿ ತೋರಿಸಿ. ಮುಗೀತು.

ಇಲ್ಲಿ ಎಡವುವ ಜಾಗ ಎರಡು. ಆ ಉದ್ದ ಗೆರೆಗಳಿರುವ ಕಮಾಂಡನ್ನೇ ನೇರವಾಗಿ ಶಾರ್ಟ್‌ಕಟ್ ಜಾಗದಲ್ಲಿ ಅಂಟಿಸಿದರೆ ಕೆಲಸ ಮಾಡುವುದಿಲ್ಲ. ಗ್ನೋಮ್ ಅದನ್ನು ಶೆಲ್‌ಗೆ, ಅಂದರೆ ಟರ್ಮಿನಲ್ ಒಳಗೆ ಕಮಾಂಡ್ ಓದುವ ಪ್ರೋಗ್ರಾಂಗೆ, ಕೊಡುವುದಿಲ್ಲ, ಹಾಗಾಗಿ ಆ ಗೆರೆಗೆ ಬೆಲೆಯೇ ಇಲ್ಲ. ಅದಕ್ಕೇ ಬೇರೆ ಫೈಲ್ ಮಾಡಿಸಿದ್ದು. ದಾರಿಯನ್ನು ಟಿಲ್ಡೆ (~) ಗುರುತಿನಿಂದ ಶುರು ಮಾಡಿದರೂ ಅದೇ ಕಥೆ. ಎರಡನೆಯದು, ಗ್ನೋಮ್‌ನಲ್ಲಿ ಈ ಡಬ್ಲ್ಯುಎಲ್-ಪೇಸ್ಟ್ ಕ್ಲಿಪ್‌ಬೋರ್ಡ್ ಪಡೆಯಲು ಒಂದು ಕ್ಷಣ ಕಾಣದ ಕಿಟಕಿ ತೆರೆದು ಮುಚ್ಚುತ್ತದೆ. ಪರದೆ ಸ್ವಲ್ಪ ಮಿನುಗಿದ ಹಾಗೆ ಅನ್ನಿಸಬಹುದು. ಹೆದರಬೇಡಿ. ಸಿಸ್ಟಮ್ ಮಾನಿಟರ್‌ನಲ್ಲಿ ‘ಡಬ್ಲ್ಯುಎಲ್-ಕಾಪಿ’ ಓಡುತ್ತಲೇ ಇದೆ ಎಂದು ಕಂಡರೆ ಅದನ್ನು ಕೊಲ್ಲಲೂ ಬೇಡಿ. ವೇಲ್ಯಾಂಡ್‌ನಲ್ಲಿ ಕಾಪಿ ಮಾಡಿದವರೇ ಕೇಳಿದವರಿಗೆ ಕೊಡಬೇಕು. ನೀವು ಪೇಸ್ಟ್ ಮಾಡುವವರೆಗೆ ಅದು ಕಾದು ಕೂತಿರುತ್ತದೆ, ನೀವು ಬೇರೇನಾದರೂ ಕಾಪಿ ಮಾಡಿದ ಕೂಡಲೇ ತಾನೇ ಹೋಗುತ್ತದೆ.

ಪರೀಕ್ಷೆಗೆ ಸುಮ್ನೆ ‘ಕನ್ನಡ’ ಎಂಬ ಪದ ಹಾಕಿ ನೋಡಿ ಬಿಡಬೇಡಿ. ನುಡಿಯ ಹಳೆಯ ಫಾಂಟ್‌ನಲ್ಲಿ ಅದು ಒಳಗೆ ಇಂಗ್ಲಿಷ್ ಪಿ, ಓರೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ ಎಂದೆಲ್ಲ ಇರುತ್ತದೆ. ಒಂದಕ್ಕೊಂದು ಬದಲಿಸಿದರೆ ಸಾಕು, ಯಾವ ಪರಿವರ್ತಕವಾದರೂ ಪಾಸಾಗುತ್ತದೆ. ನಿಮ್ಮ ಅಂಗಡಿಗೆ ತಕ್ಕ ಪದ ‘ಅರ್ಜಿದಾರರು’. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಜಿ ಆದ ಮೇಲೆ ಬರುತ್ತದೆ, ಕಾಣುವುದೂ ಹಾಗೇ. ಯೂನಿಕೋಡ್‌ನಲ್ಲಿ ರ ಮತ್ತು ಹಲಂತ ಜಿಗಿಂತ ಮೊದಲೇ ಬರಬೇಕು. ಅದನ್ನು ಹಿಂದಕ್ಕೆ ಎಳೆದು ಹಾಕುವ ಕೋಡ್ ಫಂಕ್ಷನ್ ಜೊತೆ ಬಂದಿದೆಯೋ, ಹಳೆಯ ಫೈಲಿನ ಬೇರೆಲ್ಲೋ ಉಳಿದುಬಿಟ್ಟಿದೆಯೋ ಈ ಒಂದು ಪದದಲ್ಲಿ ಗೊತ್ತಾಗುತ್ತದೆ. ‘ಮರ್ಯಾದೆ’, ‘ಕಾರ್ಯದರ್ಶಿ’ ಕೂಡ ಹಾಕಿ ನೋಡಿ.

ಪೇಸ್ಟ್ ಮಾಡಿದ ಮೇಲೆ ಲಿಬ್ರೆ ಆಫೀಸ್‌ನಲ್ಲಿ ಅಕ್ಷರದ ರೂಪ ಬೇರೆ ಕಂಡರೆ ಅದು ಪರಿವರ್ತಕದ ತಪ್ಪಲ್ಲ. ಯೂನಿಕೋಡ್ ಕನ್ನಡಕ್ಕೆ ಲಿಬ್ರೆ ಆಫೀಸ್ ಇಂಗ್ಲಿಷ್ ಫಾಂಟ್ ಬಳಸುವುದಿಲ್ಲ, ಸಿಟಿಎಲ್ ಫಾಂಟ್ ಅಂತ ಪ್ರತ್ಯೇಕ ಜಾಗ ಇದೆ. ಅಲ್ಲಿ ನಿಮಗೆ ಬೇಕಾದ ಯೂನಿಕೋಡ್ ಫಾಂಟ್ ಆರಿಸಿ.

ಕೊನೆಗೆ ಒಂದು ಎಚ್ಚರಿಕೆ. ಈ ಹೊಸ ಫೈಲನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಗೇ ಕಾಪಿ ಮಾಡಬೇಡಿ. ಅದು ಎಕ್ಸ್‌ನಲ್ಲಿದೆ, ಅಲ್ಲಿ ಡಬ್ಲ್ಯುಎಲ್-ಪೇಸ್ಟ್ ಓಡುವುದೇ ಇಲ್ಲ. ಎಕ್ಸ್‌ಗೆ ಇದೇ ಕೆಲಸ ಮಾಡುವುದು ‘ಎಕ್ಸ್‌ಕ್ಲಿಪ್’, ಅದಕ್ಕೆ ‘-ಸೆಲೆಕ್ಷನ್ ಕ್ಲಿಪ್‌ಬೋರ್ಡ್’ ಎಂದು ಸೇರಿಸಬೇಕು, ಓದುವ ಕಡೆ ‘-ಒ’ ಕೂಡ. ಸದ್ಯಕ್ಕೆ ಆ ಮಷಿನ್‌ನಲ್ಲಿ ಹಳೆಯ ಟ್ರೇ ಪ್ರೋಗ್ರಾಂ ಚೆನ್ನಾಗಿ ನಡೆಯುತ್ತಿದೆ. ನಡೆಯಲಿ ಬಿಡಿ, ಮುಟ್ಟಬೇಡಿ. ಫಾಲ್ಟ್‌ಹ್ಯಾಂಡ್ಲರ್ ಓಡಿಸಿದಾಗ ಕೀಬೈಂಡರ್ ಬದಲು ಬೇರೆ ಹೆಸರು ಬಂದರೆ ಆ ಸಾಲುಗಳನ್ನು ಕಾಪಿ ಮಾಡಿ ಕಳಿಸಿ. ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದು ಕಳಿಸಬೇಡಿ, ಸಾಲಿನ ಸಂಖ್ಯೆ ಅದರಲ್ಲಿ ಓದಲು ಬರುವುದಿಲ್ಲ.